ವಾಲ್‌ಟ್ಯೂಬ್

ಮೂರನೆಯ ಕೊಡ ಸುರಿಯುವಷ್ಟರಲ್ಲಿ ಹಂಪಣ್ಣನ ತಲೆ ಎಡಕ್ಕೆ ವಾಲಿಬಿಟ್ಟಿತು. ಸಂಗಮ್ಮ ಕೊಡ ಕೆಳಗಿಟ್ಟು ಗಂಡನ ಗದ್ದ ಹಿಡಿದು ನೆಟ್ಟಗೆ ಮಾಡಿದಳು. ಬೆನ್ನಿಗೆ ಹಲಗೆ ಕೊಟ್ಟು ಹಿಂದಿನಿಂದ ಹಿಡಿದಿದ್ದವಳು ಜುಬೇದಾಬೀ, ಸರ್ಕಾರಿ ದವಾಖಾನೆಯ ನರ್ಸು. ಆಕೆಯ ಕೈಗೆ ರಬ್ಬರಿನ ಗ್ಲೌಸು ಇದ್ದವು. ಸಂಗಮ್ಮನಿಗೂ ಒಂದು ಜೊತೆ ಕೊಟ್ಟಿದ್ದಳು. ಸಂಗಮ್ಮ ಅದನ್ನು ಕಟ್ಟೆಯ ಮೇಲೆ ಒಗೆದು, ನನಗ್ಯಾತಕ್ಕ ಅಕ್ಕಾರ, ಅಂದಿದ್ದಳು. ಯಾತಕ್ಕೆ ಬೇಡ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆರು ತಿಂಗಳ ಹಿಂದೆ ರಾಯಚೂರಿನಿಂದ ಅವಳ ರಕ್ತದ ಚೀಟಿ ತಂದುಕೊಟ್ಟವಳೇ ಜುಬೇದಾಬೀ. ಗಂಡನಿಗಿದ್ದ ಜಡ್ಡು ಹೆಂಡತಿಗೂ ಇತ್ತು.

ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿ ಮೈತೊಳೆದು, ವಿಭೂತಿ ಹಚ್ಚಿ, ಕೂತ ಹಾಗೆಯೇ ಹೊಲದಲ್ಲಿ ಮಣ್ಣು ಮಾಡುವುದು ರೂಢಿ. ಗಂಡಸಿನ ಮೈತೊಳೆಯುವುದು ಅಣ್ಣತಮ್ಮಂದಿರ ಕೆಲಸ. ಹಂಪಣ್ಣನಿಗೆ ಒಬ್ಬನೇ ಅಣ್ಣ, ದೊಡ್ಡಬಸಪ್ಪ. ಆ ಮಹಾನುಭಾವ ಮೂವತ್ತು ಮಾರು ದೂರದ ಬೇವಿನ ಗಿಡದ ಕೆಳಗೆ ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತಿದ್ದ. ಅವನ ಸುತ್ತ ಊರಿನ ಗಂಡಸರು, ಎಲ್ಲರ ಮೂಗಿಗೂ ಟವೆಲ್. ಉಳಿದವರಿಗೆ ಇವತ್ತೇ ಎಲ್ಲಿಲ್ಲದ ಕೆಲಸ ಬಂದಿತ್ತು. ಕ್ರಿಯೆ ಮಾಡಿಸಬೇಕಾದ ಅಯ್ಯನೋರು ಮಸ್ಕಿಗೆ ಹೋಗಿದ್ದರು. ಯಾರು ಸತ್ತರೂ ಮೊದಲ ಕೊಡ ಸುರಿಯುತ್ತಿದ್ದ ಗೋಪಣ್ಣನಿಗೆ ಲಿಂಗಸುಗೂರಿನ ಕೋರ್ಟಿನಲ್ಲಿ ತಾರೀಖು ಇತ್ತಂತೆ. ಒಬ್ಬ ಹಂಪಣ್ಣ ಸತ್ತದ್ದಕ್ಕೆ ಊರಿಗೆ ಊರೇ ಉದ್ಯೋಗಸ್ಥ ಆಗಿಬಿಟ್ಟಿತ್ತು.

ಸಂಗಮ್ಮನಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಆ ಟವೆಲ್ಲುಗಳ ಮೇಲೆ ಸಿಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂತ ಈ ಗಂಡನ ಮೇಲೂ ಸಿಟ್ಟು. ಬೊಂಬಾಯಿಗೆ ಅಕ್ಕಿ ಲೋಡು ಒಯ್ದು ಬರುವಾಗ ಇದನ್ನು ಹೊತ್ತು ತಂದವನು ಇವನೇ ಅಲ್ಲವೇ? ತಂದು ಅವಳಿಗೂ ಹಂಚಿದವನು ಇವನೇ. ಬೈಯೋಣವೆಂದರೆ ಕೇಳುವ ಕಿವಿ ಇಲ್ಲ. ಕೈ ಮಾತ್ರ ಆ ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ ಸಾಬೂನು ತಿಕ್ಕುತ್ತಲೇ ಇತ್ತು. ಇವನನ್ನು ಇವತ್ತು ಹ್ಯಾಗೆ ಕಳಿಸುತ್ತಾರೋ ನಾಳೆ ತನ್ನನ್ನೂ ಹಾಗೆಯೇ ಕಳಿಸುತ್ತಾರೆ, ಅದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಇವನು ಮರ್ಯಾದೆಯಿಂದ ಹೊಲ ಸೇರಬೇಕು, ನಾಲ್ಕು ಜನರ ಕೈಯ ಮಣ್ಣು ಇವನ ಮೇಲೆ ಬೀಳಬೇಕು.

“ತೊಳದ್ರ ಹತ್ತಂಗಿಲ್ಲ, ಮುಟ್ಟಿದ್ರ ಹತ್ತಂಗಿಲ್ಲ ಅಂತ ಐದು ವರ್ಷದಿಂದ ಮನಿಮನಿ ತಿರುಗಿ ಗಂಟಲು ಹರಕೊಂಡೀನಿ,” ಅಂದಳು ಜುಬೇದಾಬೀ, ಬೇವಿನ ಗಿಡಕ್ಕೆ ಕೇಳುವ ಹಾಗೆ. “ಒಬ್ಬನ ಕಿವಿಗೂ ಬಿದ್ದಿಲ್ಲ ನೋಡು.”

*

ತೊಂಬತ್ನಾಲ್ಕರಲ್ಲಿ ಜಡ್ಡು ಗೊತ್ತಾದ ಮೇಲೆ ಹಂಪಣ್ಣ ಲಾರಿ ಬಿಟ್ಟ. ಬಿಟ್ಟನೆಂದರೇನು, ಮಾಲಕ ಬಿಡಿಸಿದ. ಜವಳಗೇರಾದ ರಸ್ತೆ ಬದಿಗೆ ನಾಲ್ಕು ತಗಡು ಹೊಡೆದು ಪಂಚರ್ ಅಂಗಡಿ ಹಾಕಿದ. ಆಗ ಜುಬೇದಾಬೀ ದವಾಖಾನೆಯಿಂದ ನಿರೋಧ್ ಡಬ್ಬಿ ಹೊತ್ತು ಲಾರಿಗಳು ನಿಲ್ಲುವಲ್ಲೆಲ್ಲ ತಿರುಗುತ್ತಿದ್ದಳು. ಹೆಂಗಸಿನ ಕೈಯಿಂದ ಅದನ್ನು ಇಸಿದುಕೊಳ್ಳುವ ಗಂಡಸು ಸಿಂಧನೂರು ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಡಬ್ಬಿಗಳು ದವಾಖಾನೆಯ ಮೂಲೆಯಲ್ಲಿ ಇಲಿಗಳ ಪಾಲಾಗುತ್ತಿದ್ದವು. ನನ್ನ ಕಡೆ ಕೊಡ್ರಿ ಅಕ್ಕಾರ, ನಾ ಹಂಚ್ತೀನಿ, ಅಂದ ಹಂಪಣ್ಣ.

ಮೊದಲ ತಿಂಗಳು ಅವನನ್ನೂ ಯಾರೂ ಕೇಳಲಿಲ್ಲ. ಆ ಮಾತನ್ನು ಬಾಯಿಬಿಟ್ಟು ಹ್ಯಾಗೆ ಕೇಳಬೇಕು? ಕಡೆಗೆ ಲಿಂಗಸುಗೂರಿನ ಒಬ್ಬ ಡ್ರೈವರು ಬಂದು ಒಂದು ತಾಸು ನಿಂತ. ಬೀಡಿ ಸೇದಿದ, ನೀರು ಕುಡಿದ, ಟೈರು ಒದ್ದು ನೋಡಿದ. ಅವನ ಕಣ್ಣು ತಗಡಿಗೆ ನೇತುಹಾಕಿದ್ದ ಸೈಕಲ್ ವಾಲ್‌ಟ್ಯೂಬಿನ ಸಿಂಬೆಯ ಮೇಲೆ ಬಿತ್ತು. ಸೈಕಲ್ಲಿನ ಗಾಳಿ ಹೋಗದ ಹಾಗೆ ವಾಲಿನ ಮೇಲೆ ಏರಿಸುತ್ತಾರಲ್ಲ, ಊದಿನಕಡ್ಡಿಯಷ್ಟು ಸಣ್ಣ ರಬ್ಬರಿನ ಕೊಳವೆ, ಅದು. ಅದನ್ನೇ ತೋರಿಸಿ, ಒಂದು ವಾಲ್‌ಟ್ಯೂಬ್ ಕೊಡು, ಅಂದ. ಹಂಪಣ್ಣ ಅವನ ಹತ್ತು ಗಾಲಿಯ ಲಾರಿ ನೋಡಿದ, ಅವನ ಮುಖ ನೋಡಿದ, ಬಿದ್ದುಬಿದ್ದು ನಕ್ಕ. ಆಮೇಲೆ ಪೇಪರಿನಲ್ಲಿ ಸುತ್ತಿ ಕೊಡಬೇಕಾದ್ದನ್ನು ಕೊಟ್ಟ.

ಅಲ್ಲಿಂದ ಆ ಶಬ್ದ ರಸ್ತೆ ಹಿಡಿಯಿತು. ಮಸ್ಕಿಯವರು ಬಂದರು, ಬಳಗಾನೂರಿನವರು ಬಂದರು, ರೈಸ್‌ಮಿಲ್ಲಿನ ಹಮಾಲರು ಬಂದರು, ಸೈಕಲ್ಲೇ ಇಲ್ಲದವರು ಬಂದು ವಾಲ್‌ಟ್ಯೂಬ್ ಒಯ್ದರು. ಒಂದೊಂದು ಪೊಟ್ಟಣದ ಜೊತೆ ಹಂಪಣ್ಣ ಒಂದೊಂದು ಮಾತನ್ನೂ ಕಟ್ಟಿಕೊಡುತ್ತಿದ್ದ. ಹುಣ್ಣಾಗಿದ್ದವರನ್ನು ಜುಬೇದಾಬೀಯ ಕಡೆ ಅಟ್ಟುತ್ತಿದ್ದ, ತಿಂಗಳುಗಟ್ಟಲೆ ಕೆಮ್ಮುವವರನ್ನು ಟೀಬಿ ಗುಳಿಗೆಗೆ ಕಳಿಸುತ್ತಿದ್ದ. ನನಗ ಐತಿ, ನನ್ನ ನೋಡಿ ಬುದ್ಧಿ ಕಲೀರಿ, ಅನ್ನುತ್ತಿದ್ದ. ಪೇಚಾದದ್ದು ಒಬ್ಬನ ವಿಷಯದಲ್ಲಿ ಮಾತ್ರ. ಕಾಲುವೆಯ ನೀರಗಂಟಿ ಗಿಡ್ಡಪ್ಪ ದಿನಾ ದಂಡೆಯ ಮೇಲೆ ಸೈಕಲ್ ತುಳಿಯುವವನು, ಅರವತ್ತು ದಾಟಿದವನು. ಅವನು ಬಂದು ವಾಲ್‌ಟ್ಯೂಬ್ ಕೇಳಿದಾಗ ಹಂಪಣ್ಣ ಮೆಲ್ಲಗೆ, ಯಾವುದು, ಅಂದಿದ್ದ. ಯಾವುದು ಅಂದ್ರೇನಲೇ, ಎಷ್ಟು ನಮೂನಿ ಅದಾವ, ಅಂತ ಮುದುಕ ರೇಗಿದ್ದ. ಆ ಮಾತು ಹೇಳಿಕೊಂಡು ಗಂಡಹೆಂಡತಿ ಎಷ್ಟೋ ಸಲ ನಕ್ಕಿದ್ದರು.

ಕಡೆಯ ವರ್ಷ ಹಂಪಣ್ಣ ಹಾಸಿಗೆ ಹಿಡಿದಾಗ ಅಂಗಡಿಯಲ್ಲಿ ಸಂಗಮ್ಮ ಕೂತಳು. ಕೂಡುವ ಮೊದಲು ಅವನು ಒಂದು ಮಾತು ತಗೊಂಡಿದ್ದ.

“ಕೊಡು, ಮಾರಿ ನೋಡಬ್ಯಾಡ. ಯಾರ ಹೆಸರೂ ನಿನ್ನ ಬಾಯಾಗ ಬರಬಾರದು. ಒಂದು ಹೆಸರು ಹೊರಗ ಬಿತ್ತಂದ್ರ ಮರುದಿನದಿಂದ ಒಬ್ಬನೂ ಬರಂಗಿಲ್ಲ. ಬರದಿದ್ರ ನನ್ನಂಗ ಆಕ್ಕಾರ.”

ಸಂಗಮ್ಮ ಮುಖ ನೋಡಲಿಲ್ಲ. ಆದರೆ ಚಾಚಿದ ಕೈಗಳು ಕಾಣುತ್ತವಲ್ಲ. ಕೆಂಪು ಹರಳಿನ ಉಂಗುರದ ಕೈ ಯಾರದೆಂದು ಗೊತ್ತು. ಮೇವು ಕತ್ತರಿಸುವ ಮಷೀನಿಗೆ ಅರ್ಧ ಹೆಬ್ಬೆರಳು ಕೊಟ್ಟ ಬಲಗೈ ಯಾರದೆಂದೂ ಗೊತ್ತು.

*

ಆ ಅರ್ಧ ಹೆಬ್ಬೆರಳಿನ ಕೈಯೇ ಈಗ ಬೇವಿನ ಗಿಡದ ಕೆಳಗಿನಿಂದ ಎದ್ದು, ಡೀಸೆಲ್ ಡಬ್ಬಿಯ ಕಡೆ ಬೆರಳು ಮಾಡಿತು. ಮೂರು ಹಳೆಯ ಟೈರುಗಳನ್ನೂ ತರಿಸಿದ್ದ ದೊಡ್ಡಬಸಪ್ಪ. ತರಿಸಿದ್ದು ಎಲ್ಲಿಂದ, ತಮ್ಮನ ಅಂಗಡಿಯಿಂದಲೇ. ಊರ ಹೊರಗೆ ಹಾಳುದಿಬ್ಬದ ಮೇಲೆ ಸುಟ್ಟುಬಿಡೋಣ ಅನ್ನುವುದು ಅವನ ತೀರ್ಮಾನ. ಹೊಲದಲ್ಲಿ ಹುಗಿದರೆ ಜಡ್ಡು ನೀರಿಗಿಳಿಯುತ್ತದೆ, ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ, ಭತ್ತ ಹೊಡೆ ಬಿಚ್ಚುವ ಹೊತ್ತು. ಆ ನೀರುಂಡ ಭತ್ತವನ್ನು ಮಿಲ್ಲಿಗೆ ತರಬೇಡಿರೆಂದು ಬಸವಂತರಾಯರು ಹೇಳಿಯಾಗಿದೆ. ಮಿಲ್ಲಿನ ಸಾಹುಕಾರ ಬಸವಂತರಾಯ ಪಕ್ಕದಲ್ಲೇ ನಿಂತಿದ್ದ. ಹೌದೆನ್ನುವ ಹಾಗೆ ತಲೆ ಆಡಿಸಿದ. ಕೆಂಪು ಹರಳಿನ ಉಂಗುರ ಬಿಸಿಲಿಗೆ ಮಿಂಚಿತು.

ನಮ್ಮ ಮಂದಿಯೊಳಗೆ ಹೆಣ ಸುಟ್ಟದ್ದುಂಟೇ ಅಂತ ಸಂಗಮ್ಮ ಕೇಳಿದಳು. ಸಣ್ಣ ಧ್ವನಿಯಲ್ಲೇನೂ ಕೇಳಲಿಲ್ಲ.

“ಇಂಥಾ ಜಡ್ಡೂ ನಮ್ಮ ಮಂದ್ಯಾಗ ಇದ್ದಿಲ್ಲವಾ,” ಅಂದ ದೊಡ್ಡಬಸಪ್ಪ.

ಉಸಿರು ನಿಂತ ಮೈಯಲ್ಲಿ ಜಡ್ಡು ಬಹಳ ಹೊತ್ತು ಬದುಕುವುದಿಲ್ಲ, ಮಣ್ಣಿಗೆ ನೀರಿಗೆ ಇಳಿಯುವುದಿಲ್ಲ ಅಂತ ಜುಬೇದಾಬೀ ತಿಳಿಸಿ ಹೇಳಿದಳು. ನೀವು ಸುಮ್ಮನಿರ್ರಿ ನರ್ಸಮ್ಮ ಅಂದರು. ಅಷ್ಟರಲ್ಲಿ ಗಿಡ್ಡಪ್ಪ ಸೈಕಲ್ ತುಳಿದುಕೊಂಡು ಬಂದ. ಸಾವಿನ ಸುದ್ದಿ ಅವನಿಗೆ ಕಾಲುವೆಯ ಕೊನೆಯ ತೂಬಿನಲ್ಲಿ ಸಿಕ್ಕಿತ್ತಂತೆ. ಸೈಕಲ್ ಗೋಡೆಗೆ ಒರಗಿಸಿ ತಕರಾರು ಏನೆಂದು ಕೇಳಿಕೊಂಡ.

“ಹಂಪಣ್ಣನ ಹೊಲದ ನೀರು ನಿಮ್ಮ ಗದ್ದಿಗೆ ಯಾವಾಗ ಬಂದಿತ್ರಿ ಧಣ್ಯಾರ? ಅದು ಸೀದಾ ಹಳ್ಳಕ್ಕ ಬಸೀತೈತಿ. ಮೂವತ್ತು ವರ್ಷ ನೀರು ಬಿಟ್ಟೀನಿ, ನನಗ ಗೊತ್ತಿಲ್ಲೇನು?”

ನರ್ಸಿನ ಮಾತು ನಂಬದವರು ನೀರಗಂಟಿಯ ಮಾತಿಗೆ ಬಾಯಿ ಮುಚ್ಚಿದರು. ಗಿಡ್ಡಪ್ಪ ಸಲಿಕೆ ಹೆಗಲಿಗೆ ಹಾಕಿಕೊಂಡು, ಸೈಕಲ್ ತಳ್ಳುತ್ತ ಹೊಲದ ಕಡೆ ನಡೆದ.

ಹೆಣ ಒಯ್ಯಲು ಟ್ರ್ಯಾಕ್ಟರು ಯಾರೂ ಕೊಡಲಿಲ್ಲ. ಸಂಗಮ್ಮ ಕೇಳಲೂ ಇಲ್ಲ. ಲಾರಿಯ ಟೈರು ಸಾಗಿಸುತ್ತಿದ್ದ ತಳ್ಳುಗಾಡಿ ಇತ್ತು. ಅದರ ಮೇಲೆ ಹಂಪಣ್ಣನನ್ನು ಕೂಡಿಸಿ, ಹಲಗೆಗೆ ಕಟ್ಟಿ, ಹಣೆಗೆ ವಿಭೂತಿ ಬಳಿದು ತಾನೇ ತಳ್ಳಿದಳು. ಹೆಣ್ಣುಮಗಳು ಹೆಣ ತಳ್ಳಬಾರದು ಅಂತ ಯಾರೋ ಅಂದದ್ದು ಕೇಳಿಸಿತು. ಹಾಗಾದರೆ ನೀ ಬಾ, ಅಂದಳು. ಬರಲಿಲ್ಲ.

*

ಹೋದ ವಾರವೂ ಅವನನ್ನು ಹೀಗೆಯೇ ಗಾಡಿಯಲ್ಲಿ ಕೂಡಿಸಿದ್ದಳು, ಬಸ್ ಸ್ಟ್ಯಾಂಡಿನ ತನಕ. ಭೇದಿ ನಿಲ್ಲದೆ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಜುಬೇದಾಬೀ ಕ್ಯಾಂಪಿಗೆ ಹೋಗಿದ್ದ ದಿನ. ಸಿಂಧನೂರಿನ ಒಬ್ಬ ಪ್ರೈವೇಟ್ ಡಾಕ್ಟರು ಚೀಟಿ ಓದಿದವನೇ ಕುರ್ಚಿ ಹಿಂದಕ್ಕೆ ಸರಿಸಿ, ಇಲ್ಲಿ ಬೆಡ್ ಇಲ್ಲ, ಅಂದ. ನಾಲ್ಕು ಬೆಡ್ ಖಾಲಿ ಇದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಹಂಪಣ್ಣ ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಬಿದ್ದಿದ್ದ. ಒಂದು ಬಾಟ್ಲಿ ಸಲಾಯಿನ್ ಏರಿಸಿದ್ದರೆ ಸಾಕಿತ್ತು ಅಂತ ಜುಬೇದಾಬೀ ಆಮೇಲೆ ಅತ್ತಳು. ಸಂಗಮ್ಮ ಅವತ್ತೂ ಅಳಲಿಲ್ಲ.

*

ಗಿಡ್ಡಪ್ಪ ತೋಡಿದ ಕುಣಿ ಆಳವಾಗಿ, ಹದವಾಗಿ ಬಂದಿತ್ತು. ಅವನೇ ಕೆಳಗಿಳಿದು ನಿಂತ, ಹೆಂಗಸರಿಬ್ಬರೂ ಮೇಲಿನಿಂದ ಇಳಿಸಿದರು. ಹಂಪಣ್ಣ ಪೂರ್ವಕ್ಕೆ ಮುಖ ಮಾಡಿ ಕೂತ. ಅಂಗೈಗೆ ಲಿಂಗ ಇಟ್ಟದ್ದಾಯಿತು, ಉಪ್ಪು ಪತ್ರಿ ಹಾಕಿದ್ದಾಯಿತು. ಗಂಡಸರು ಅಲ್ಲಿತನಕ ಬಂದಿದ್ದರು. ಮಣ್ಣಿಗೆ ಬರಲಿಲ್ಲ ಅನ್ನಿಸಿಕೊಳ್ಳಬಾರದು, ಹತ್ತಿರವೂ ಬರಬಾರದು, ಹಾಗಾಗಿ ಬದುವಿನ ಮೇಲೆ ಸಾಲಾಗಿ ನಿಂತಿದ್ದರು, ನಲವತ್ತು ಮಂದಿ. ಒಂದು ಹಿಡಿ ಮಣ್ಣು ಹಾಕಲು ಒಬ್ಬನೂ ಇಳಿಯಲಿಲ್ಲ.

ಸಂಗಮ್ಮ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಮುಖವನ್ನಲ್ಲ, ಕೈಗಳನ್ನು. ಸೊಂಟದಲ್ಲಿ ಕಟ್ಟಿಕೊಂಡ ಕೈ, ಬೆನ್ನ ಹಿಂದಿಟ್ಟ ಕೈ, ಮೂಗಿನ ಟವೆಲ್ ಹಿಡಿದ ಕೈ. ಹೆಸರುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಹಲ್ಲು ಕಚ್ಚಿ ನುಂಗಿದಳು. ನುಂಗಿದರೂ ಸಿಟ್ಟು ಒಳಗೆ ನಿಲ್ಲಲಿಲ್ಲ.

“ಹೆಸರು ಹೇಳಬ್ಯಾಡಂತ ಹೇಳಿ ಹೋಗ್ಯಾನ, ಹೇಳಂಗಿಲ್ಲ. ಆದರ ಇವನ ಕೈಯಿಂದ ವಾಲ್‌ಟ್ಯೂಬ್ ತಗೊಂಡವರು ಇಲ್ಲಿ ಅದೀರಿ. ಆವಾಗ ಕೈಗೆ ಕೈ ಹಚ್ಚಿ ತಗೊಂಡ್ರಿ. ಈಗ ಒಂದು ಹಿಡಿ ಮಣ್ಣು ಹಾಕಾಕ ಕೈ ಬರವಲ್ದೇನು? ತಗೊಂಡವರು ಬರ್ರಿ.”

ಅಂದ ಮರುಕ್ಷಣವೇ ತಪ್ಪು ಹೊಳೆಯಿತು. ಈಗ ಇಳಿದು ಬಂದವನು ವಾಲ್‌ಟ್ಯೂಬಿನವನು ಅಂತ ಊರ ಮುಂದೆ ಒಪ್ಪಿಕೊಂಡ ಹಾಗೆ. ಬರಬೇಕೆಂದಿದ್ದ ಒಬ್ಬಿಬ್ಬರೂ ಇನ್ನು ಬರುವಂತಿಲ್ಲ. ಹೆಸರು ಹೇಳದೆಯೇ ಎಲ್ಲರ ಕಾಲಿಗೂ ತಾನೇ ಹಗ್ಗ ಹಾಕಿಬಿಟ್ಟಿದ್ದಳು. ಗಂಡನನ್ನು ನೋಡುವುದಕ್ಕೂ ಅವಳಿಗೆ ಮುಖ ಬರಲಿಲ್ಲ.

ಕುಣಿಯಿಂದ ಮೇಲೆ ಹತ್ತಿದ ಗಿಡ್ಡಪ್ಪ ಮೈಯ ಮಣ್ಣು ಕೊಡವಿಕೊಂಡ.

“ನಾ ತಗೊಂಡೀನವಾ ವಾಲ್‌ಟ್ಯೂಬ್,” ಅಂದ, ಬದುವಿಗೆಲ್ಲ ಕೇಳುವ ಹಾಗೆ. “ಎಷ್ಟು ಸಲ ತಗೊಂಡೀನೋ ಲೆಕ್ಕ ಇಲ್ಲ. ನನ್ನ ಸೈಕಲ್ ಓಡಿದ್ದೇ ಇವನ ಕೈಯಿಂದ. ಇವನಂಗ ಹಾಕಾವರು ಸಿಂಧನೂರಾಗ ಇಲ್ಲ.”

ಅಷ್ಟು ಹೇಳಿ ಬಗ್ಗಿ ಒಂದು ಬೊಗಸೆ ಮಣ್ಣು ತಗೊಂಡು ಹಾಕಿದ. ಮುದುಕನಿಗೆ ಬೇರೆ ವಾಲ್‌ಟ್ಯೂಬಿನ ಸುದ್ದಿ ಇವತ್ತಿಗೂ ಗೊತ್ತಿರಲಿಲ್ಲ. ಜುಬೇದಾಬೀ ಸೆರಗು ಬಾಯಿಗೆ ಒತ್ತಿಕೊಂಡಳು.

ಬದುವಿನ ಮೇಲೆ ಮಿಸುಕಾಟ ಶುರುವಾಯಿತು. ಮಿಲ್ಲಿನ ಹಮಾಲನೊಬ್ಬ ಟವೆಲ್ ಬಿಚ್ಚಿ ಇಳಿದ. ನನ್ನ ಸೈಕಲ್ಲಿಗೂ ಹಾಕಿಕೊಟ್ಟಿದ್ದ, ಅಂತ ಗೊಣಗಿ ಒಂದು ಹಿಡಿ ಹಾಕಿದ. ಅವನ ಹಿಂದೆ ಇನ್ನೊಬ್ಬ, ನನ್ನ ಮಗನ ಸೈಕಲ್ಲಿಗೆ, ಅಂದ. ಆಮೇಲೆ ಇಬ್ಬಿಬ್ಬರು, ಮೂರು ಮೂರು ಮಂದಿ. ಎಲ್ಲರ ಬಾಯಲ್ಲೂ ಸೈಕಲ್. ಕಾರಿನಲ್ಲಿ ತಿರುಗುವ ಬಸವಂತರಾಯನೂ ಬಂದ, ನಮ್ಮ ಆಳಿನ ಸೈಕಲ್ಲಿಗೆ, ಅಂದ. ಸುಳ್ಳಾಡಿಯಾದರೂ ಬರಲಿ, ಬಂದು ಹಾಕಲಿ, ಅಂದುಕೊಂಡಳು ಸಂಗಮ್ಮ. ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಬದುಕಿದ್ದಾಗ ಇಷ್ಟು ಜನ ಒಂದು ಸಲ ಬಂದು ಮಂಚದ ಹತ್ತಿರ ಕೂತಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಕಡೆಗೆ ಬಂದವನು ದೊಡ್ಡಬಸಪ್ಪ. ಹುಟ್ಟಿದಾಗಿನಿಂದ ಸೈಕಲ್ ಹತ್ತಿದವನಲ್ಲ, ಅವನ ಮನೆಯಲ್ಲಿ ಸೈಕಲ್ ಇದ್ದದ್ದೂ ಇಲ್ಲ. ಕುಣಿಯ ಅಂಚಿಗೆ ಬಂದು ನಿಂತ. ಸಂಗಮ್ಮ ಬಗ್ಗಿ ಬರಿಗೈಯಲ್ಲಿ ಮಣ್ಣು ತುಂಬಿಕೊಂಡು ಅವನ ಮುಂದೆ ಹಿಡಿದಳು.

“ಹಿಡೀರಿ ಭಾವಾರ.”

ಅರ್ಧ ಹೆಬ್ಬೆರಳಿನ ಕೈ ಮುಂದೆ ಬಂತು. ಅವಳು ಮಣ್ಣನ್ನು ಮೇಲಿನಿಂದ ಸುರಿಯಲಿಲ್ಲ. ತನ್ನ ಅಂಗೈಯನ್ನು ಅವನ ಅಂಗೈ ಮೇಲೆ ಒತ್ತಿಟ್ಟು, ಒಂದು ಗಳಿಗೆ ಹಾಗೆಯೇ ಹಿಡಿದು, ಬಿಟ್ಟಳು. ಅವನ ಕೈ ಹಿಂದೆ ಸರಿಯಲಿಲ್ಲ.

ಹೊತ್ತು ಇಳಿದಿತ್ತು. ಕುಣಿಯ ಸುತ್ತ ಸೈಕಲ್ಲಿನ ಮಾತಾಡಿದ ನಲವತ್ತು ಮಂದಿ ಮಣ್ಣಿನ ಕೈ ಬಿಟ್ಟುಕೊಂಡು ನಿಂತಿದ್ದರು. ಅವರ ಹಿಂದೆ, ಉದ್ದಕ್ಕೂ ಬರಿದಾದ ಬದುವಿನ ಮೇಲೆ, ನಿಂತದ್ದು ಒಂದೇ ಸೈಕಲ್, ಗಿಡ್ಡಪ್ಪನದು.