ವಾಶ್‌ಬೇಸಿನ್ನಿನ ಮೇಲಿನ ಊರು

ಮೊಳೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅಶ್ವಿತಾ ಕುರ್ಚಿಯ ಮೇಲೆ ನಿಂತು, ಒಂದು ಕಾಲನ್ನು ಹೋಟೆಲಿನ ವಾಶ್‌ಬೇಸಿನ್ನಿನ ಅಂಚಿಗೆ ಊರಿ, ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹದಿನಾಲ್ಕು ವರ್ಷದ ಒಗ್ಗರಣೆಯ ಜಿಡ್ಡಿಗೆ ಅದು ಗೋಡೆಗೆ ಕಚ್ಚಿಕೊಂಡೇ ಬಿಟ್ಟಿತ್ತು.

"ಇಳಿ ಮಗಾ, ಇಳಿ. ಅಲ್ಲಿ ಮನೆಯಲ್ಲಿ ಅಪ್ಪ ತಣ್ಣಗೆ ಮಲಗಿದ್ದಾನೆ, ಇಲ್ಲಿ ನೀನು ಸೊಂಟ ಮುರ್ಕೊಂಡ್ರೆ ಯಾರು ನೋಡುದು?" ಎಂದರು ಕೆಳಗೆ ನಿಂತಿದ್ದ ಗುಂಡಣ್ಣ. ಅವರು ಹೋಟೆಲಿನ ಕ್ಯಾಶಿಯರು. ಅವಳ ಅಪ್ಪ ಮೋನಪ್ಪ ಅದೇ ಹೋಟೆಲಿನ ಅಡುಗೆಯವನು. ಗಲ್ಲಾದಲ್ಲಿ ಇವರು, ಒಲೆಯ ಬುಡದಲ್ಲಿ ಅವನು, ಹಾಗೇ ಮೂವತ್ತು ವರ್ಷ ಕಳೆದಿತ್ತು.

"ಈ ಫೋಟೊ ಇಲ್ದೆ ಫ್ಲೆಕ್ಸೇ ವೇಂಡಾ ಮಾಮ, ಬೇಡವೇ ಬೇಡ," ಎಂದಳು ಅಶ್ವಿತಾ.

ತಮಿಳಿನವರ ತ್ರಿಪ್ಲಿಕೇನಿನಲ್ಲಿ ಯಾರು ಹೋದರೂ ಹೆಣ ಏಳುವ ಮೊದಲು ಬೀದಿಯ ಬಾಯಲ್ಲಿ ಫ್ಲೆಕ್ಸ್ ಏಳಬೇಕು. ನಡುವೆ ಸತ್ತವರ ಮುಖ, ಹಿಂದೆ ತಾವರೆಯೋ ಮೋಡವೋ. ಅಶ್ವಿತಾಳಿಗೆ ಅಪ್ಪನ ಹಿಂದೆ ತಾವರೆ ಬೇಡ, ಈ ಫೋಟೊದ ಊರು ಬೇಕು. ಕಡಲಿಗೆ ಕಡಿದಿಳಿದ ಬಂಡೆ, ಬಂಡೆಯ ಮೈಗೆ ಟಿಫಿನ್ ಕ್ಯಾರಿಯರಿನ ಡಬ್ಬಗಳ ಹಾಗೆ ಒಂದರ ಮೇಲೊಂದು ಕೂತ ಹಳದಿ, ಗುಲಾಬಿ ಮನೆಗಳು, ನಡುವೆ ಇಗರ್ಜಿಯ ಗುಮ್ಮಟ.

"ಹಿಂದೆ ಇಗರ್ಜಿ ಕಂಡ್ರೆ ಮಾಲೆ ತಂದವ್ರು ಬೇರೆ ಯಾರದ್ದೋ ಸಾವು ಅಂತ ವಾಪಸು ಹೋಗ್ತಾರೆ ಮಾರಾಯ್ತಿ," ಎಂದರು ಗುಂಡಣ್ಣ. ಆಮೇಲೆ ದನಿ ತಗ್ಗಿಸಿ, "ಮತ್ತೆ, ಈಗ ಹೇಳ್ಬಾರ್ದು... ಅದು ಅವ ತೆಗೆದದ್ದೂ ಅಲ್ಲ. ಅಡುಗೆಗೆ ಹೋದವ ಪಾತ್ರೆ ತಿಕ್ಕುದಾ, ಫೋಟೊ ತೆಗೆಯುದಾ? ಅಲ್ಲೆಲ್ಲೋ ಅಂಗಡಿಯಲ್ಲಿ ಕೊಂಡ ಚಿತ್ರ ಅದು."

ಅಶ್ವಿತಾ ಫ್ರೇಮನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅಪ್ಪ ಬದುಕಿದ್ದಷ್ಟು ದಿನವೂ ಇದೇ ಮಾತು. ಮೂರು ಗಂಟೆಗೆ ಅಪ್ಪನನ್ನು ಕೃಷ್ಣಾಂಪೇಟೆಯ ಸ್ಮಶಾನಕ್ಕೆ ಒಯ್ಯುತ್ತಾರೆ. ಅಷ್ಟರೊಳಗೆ ಗುಂಡಣ್ಣನ ಈ ಬಾಯಿಂದ 'ಇದು ಮೋನಪ್ಪ ತೆಗೆದ ಫೋಟೊ' ಎಂಬ ಮಾತು ಬರಬೇಕು. ಸತ್ತವರಿಗೆ ಕೇಳಿಸುತ್ತದೋ ಇಲ್ಲವೋ, ಅಪ್ಪನ ಕಿವಿ ಇನ್ನೂ ಮನೆಯಲ್ಲೇ ಇತ್ತಲ್ಲ.

ಅವಳು ಇನ್ನೊಮ್ಮೆ ಜಗ್ಗಿದಳು. ಫ್ರೇಮು ಸುಣ್ಣದ ಚೂರಿನ ಸಮೇತ ಕೈಗೆ ಬಂತು.

*

ಹದಿನಾಲ್ಕು ವರ್ಷದ ಹಿಂದೆ ಟೂರಿನ ಕಂಪನಿಯೊಂದು ಮೂವತ್ತೆರಡು ಮಂದಿ ಹಿರಿಯರನ್ನು ಯುರೋಪಿಗೆ ಕರೆದೊಯ್ದಿತ್ತು. ಅವರಿಗೆ ಎಲ್ಲಿ ಹೋದರೂ ಸಾರು, ಅನ್ನವೇ ಬೇಕು. ಅಡುಗೆಗೆಂದು ಮೋನಪ್ಪ ಹೋದ. ಕೈ ಒರೆಸುವ ಬೈರಾಸು ಹೆಗಲ ಮೇಲಿಲ್ಲದೆ ಅವನು ಒಲೆ ಹಚ್ಚುತ್ತಿರಲಿಲ್ಲ. ಆರು ಬೈರಾಸುಗಳನ್ನೂ ಕಟ್ಟಿಕೊಂಡು ಹೋದ. ಹೋಟೆಲಿನ ಹಗ್ಗದಲ್ಲಿ ಹನ್ನೆರಡು ಮಂದಿಯ ಬೈರಾಸು ಒಟ್ಟಿಗೇ ಒಣಗುತ್ತಿದ್ದುದರಿಂದ, ಅದಲು ಬದಲಾಗದಿರಲೆಂದು ಅವನ ಹೆಂಡತಿ ಸರಸ ಪ್ರತಿಯೊಂದರ ಮೂಲೆಗೂ ನೀಲಿ ನೂಲಿನಲ್ಲಿ 'ಮೋ' ಎಂದು ಹೊಲಿದಿದ್ದಳು.

ಇಟಲಿಯ ಕಡಲಲ್ಲಿ ಫೆರ್ರಿ ಎಷ್ಟು ಕುಲುಕಿತೆಂದರೆ ಮೂವತ್ತೆರಡು ಮಂದಿಯೂ ತಲೆ ಹಿಡಿದು ಕೂತರು. ಮೈಸೂರಿನ ಅಂಬುಜಮ್ಮ ಎಂಬವರು ಗಂಡನ ಕಾಲದ ರೀಲಿನ ಕ್ಯಾಮೆರಾವನ್ನು ಹುಳಿಯ ಪಾತ್ರೆ ಹಿಡಿದು ಕೂತಿದ್ದ ಮೋನಪ್ಪನ ಕೈಗೆ ತುರುಕಿದರು.

"ನನ್ನ ಕೈಲಾಗಲ್ಲಪ್ಪ. ಆ ಊರನ್ನ ನೀನೇ ತೆಗಿ. ರೀಲಲ್ಲಿ ಒಂದೇ ಉಳಿದಿರೋದು, ಹಾಳು ಮಾಡ್ಬೇಡ."

"ನಾನಾ ಅಮ್ಮ? ಕೈ ಎಲ್ಲ ಹುಳಿ."

"ತೊಳ್ಕೊಂಡು ತೆಗಿ."

ಅವನು ಕೈ ತೊಳೆದ. ಬೈರಾಸನ್ನೂ ಹಿಂಡಿ ಫೆರ್ರಿಯ ಕಂಬಿಗೆ ಗಂಟು ಹಾಕಿದ. ಆಮೇಲೆ ಕಾದ. ಮೋಡ ಸರಿಯಲಿ ಎಂದು ಕಾದ, ಫೆರ್ರಿ ತಿರುಗಲಿ ಎಂದು ಕಾದ. "ದೋಸೆ ಕಾವಲಿಯ ಮುಂದೆ ನಿಂತವನಿಗೆ ಕಾಯ್ಲಿಕ್ಕೆ ಕಲಿಸ್ಬೇಕಾ?" ಎಂದು ಮಗಳಿಗೆ ಹೇಳುವಾಗ ಅವನ ಎದೆ ಎರಡಂಗುಲ ಉಬ್ಬುತ್ತಿತ್ತು. "ಬಿಸಿಲು ಬಿತ್ತು ನೋಡು, ಇಡೀ ಊರೇ ಹೊಂಬಣ್ಣಕ್ಕೆ ಬಂತು. ಮಗುಚಿದೆ!" ಒತ್ತಿದೆ ಎನ್ನಬೇಕಾದಲ್ಲಿ ಅವನು ಯಾವಾಗಲೂ ಮಗುಚಿದೆ ಎಂದೇ ಹೇಳುತ್ತಿದ್ದ.

ಅಂಬುಜಮ್ಮ ಅದರ ದೊಡ್ಡ ಪ್ರತಿ ಮಾಡಿಸಿ ಅಂಚೆಯಲ್ಲಿ ಕಳಿಸಿದರು. ಕೆಳಗಂಚಿನಲ್ಲಿ ಬೈರಾಸೂ ಬಂದಿತ್ತು. ಮೋನಪ್ಪ ನೆಟ್ಟಗೆ ಫ್ರೇಮಿನ ಅಂಗಡಿಗೆ ಹೋದ. ಫ್ರೇಮಾಗಿ ಬಂದಾಗ ಊರು ಇತ್ತು, ಕಡಲಿತ್ತು, ಬೈರಾಸು ಇರಲಿಲ್ಲ.

"ಕತ್ತರಿಸಿ ಬಿಸಾಡಿದ ಪಾಪಿ," ಎಂದು ಮೋನಪ್ಪ ಪೇಚಾಡಿದ. "ಇಲ್ಲೇ ಇತ್ತು ಗುಂಡಣ್ಣ, ನನ್ನ ಬೈರಾಸು."

"ಎಲ್ಲಿ ಉಂಟು ಮಾರಾಯ? ಸಮುದ್ರಕ್ಕೆ ಬಿತ್ತಾ?" ಎಂದರು ಗುಂಡಣ್ಣ. ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಮೋನಪ್ಪನೂ ನಕ್ಕ. ಮರುದಿನದಿಂದ ಬೆಳಿಗ್ಗೆ ಒಲೆ ಹಚ್ಚುವ ಮೊದಲು, ವಾಶ್‌ಬೇಸಿನ್ನಿನ ಮೇಲೆ ತೂಗುಹಾಕಿದ ಫ್ರೇಮಿನ ಗಾಜು ಒರೆಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

*

ಫ್ಲೆಕ್ಸ್ ಅಂಗಡಿಯ ಸಾಯಿ ಐವತ್ತು ದಾಟಿದ ತಮಿಳಿನವ. ಗಾಜಿನ ಮೇಲಿಂದ ಸ್ಕ್ಯಾನ್ ಆಗುವುದಿಲ್ಲವೆಂದು ಫ್ರೇಮನ್ನು ಬೋರಲು ಹಾಕಿ, ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತ. ರಟ್ಟು ತೆಗೆದ. ಚಿತ್ರದ ಕೆಳಗಿನ ಎರಡು ಬೆರಳಗಲ ಹಿಂದಕ್ಕೆ ಮಡಚಿಕೊಂಡಿತ್ತು.

ಅಶ್ವಿತಾ ಮಡಿಕೆ ಬಿಡಿಸಿದಳು. ಫೆರ್ರಿಯ ಬಿಳಿ ಕಂಬಿ. ಕಂಬಿಗೆ ಗಂಟು ಹಾಕಿದ ಕೆಂಪಂಚಿನ ಬಟ್ಟೆ. ಫ್ರೇಮಿನವನು ಕತ್ತರಿಸಿರಲಿಲ್ಲ, ಚೆನ್ನಾಗಿ ಕಾಣುವುದಿಲ್ಲವೆಂದು ಮಡಚಿಟ್ಟಿದ್ದ ಅಷ್ಟೆ.

ಸಾಯಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡುತ್ತ ಹೋದ. ಬಟ್ಟೆಯ ಮೂಲೆಯಲ್ಲಿ ನೀಲಿಯ ಗೀಚು ಕಂಡಿತು. "ಇದು ಎನ್ನಮ್ಮಾ, ತೆಲುಂಗಾ?"

ಜೊತೆಗೆ ಬಂದಿದ್ದ ಗುಂಡಣ್ಣ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಬೆರಳಿನಿಂದ ಆ ಗೀಚಿನ ಮೇಲೆ ತಿದ್ದಿದರು.

"ತೆಲುಗಲ್ಲ," ಎಂದರು ಕೊನೆಗೆ. "ಕನ್ನಡ. ಮೋ."

"ಅಸಿಂಗಮಾ ಇರುಕ್ಕು, ಅಂದ ತುಣಿಯೆ ಎಡುತ್ತಿಡಲಾಮಾ?" ಎಂದು ಸಾಯಿ, ಚೆನ್ನಾಗಿ ಕಾಣದ ಆ ಬಟ್ಟೆಯನ್ನು ಅಳಿಸಲು ಮೌಸಿಗೆ ಕೈ ಹಾಕಿದ.

"ತೊಡಾದೇ!" ಎಂದು ಗುಂಡಣ್ಣ ಅಬ್ಬರಿಸಿದ ರಭಸಕ್ಕೆ ಅವನು ಕೈ ಹಿಂದೆಗೆದುಕೊಂಡ. "ಒಂದು ನೂಲೂ ಮುಟ್ಬೇಡ. ಅದೇ ಇರ್ಬೇಕು. ಅದೇ ದೊಡ್ಡದಾಗಿ ಕಾಣ್ಬೇಕು."

ಫೋಟೊ ತೆಗೆದವರು ಮೋನಪ್ಪ ಎಂದು ಅಡಿಯಲ್ಲಿ ಕನ್ನಡದಲ್ಲಿ ಹಾಕಬೇಕೆಂದೂ ಹಟ ಹಿಡಿದರು. ಸಾಯಿಯ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ. ತಮಿಳಿನಲ್ಲೇ ಆಯಿತು. ಇಡೀ ಫ್ಲೆಕ್ಸಿನಲ್ಲಿ ಕನ್ನಡದ್ದು ಎಂದರೆ ಆ ಒಂದೇ ಅಕ್ಷರ.

*

ಎರಡೂವರೆಗೆ ಫ್ಲೆಕ್ಸ್ ಎದ್ದಿತು. ಆ ಟೂರಿನ ಪಾಸ್‌ಪೋರ್ಟಿಗೆಂದು ಅಪ್ಪ ಹೊಡೆಸಿಕೊಂಡ ಮುಖ ಮುಂದೆ, ಹಿಂದೆ ಹನ್ನೆರಡಡಿ ಊರು. ಹೋಗುವ ಬೈಕುಗಳು ನಿಂತವು, ಲಾಡ್ಜಿನವರು ಬಾಲ್ಕನಿಗೆ ಬಂದರು. ಯಾವ ಊರೆಂದು ಯಾರೋ ಕೇಳಿದರು.

"ಊರು ಯಾವುದೋ ಯಾರಿಗೆ ಬೇಕು? ಫೋಟೊ ನಮ್ಮ ಮೋನಪ್ಪನದ್ದು. ಅವನೇ ತೆಗೆದದ್ದು!" ಗುಂಡಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು, ತಮಿಳಿನವರಿಗೆ ತಮಿಳಲ್ಲಿ, ನಮ್ಮವರಿಗೆ ಕನ್ನಡದಲ್ಲಿ.

ಸರಸಳನ್ನು ಅಶ್ವಿತಾ ತೋಳು ಹಿಡಿದು ಹೊರಗೆ ಕರೆತಂದಳು. ಅವಳು ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಕಂಬಿಗೆ ಕಟ್ಟಿದ ಬಟ್ಟೆ ನೋಡಿದಳು.

"ನನ್ನ ಹೊಲಿಗೆ," ಎಂದಳು. "ನನ್ನದೇ ಹೊಲಿಗೆ. ಇವರು ಹೇಳಿ ಹೇಳಿ ಸಾಕಾದ್ರು ಮಗಳೇ, ನಾನೂ ಪೂರ್ತಿ ನಂಬಿರ್ಲಿಲ್ಲ." ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ಬೀದಿಯ ನಡುವೆ ನಿಂತು ಅತ್ತಳು. ಅಳುತ್ತಲೇ ತಲೆ ಮಾತ್ರ ನೆಟ್ಟಗೆ ಎತ್ತಿಕೊಂಡಿದ್ದಳು. ಅಶ್ವಿತಾಳಿಗೆ ಅಮ್ಮನನ್ನು ಕಂಡು ಹೆಮ್ಮೆಯಾಯಿತು.

ಅಷ್ಟರಲ್ಲಿ ಗುಂಡಣ್ಣ ಕಾಣಲಿಲ್ಲ. ಅಶ್ವಿತಾ ಮನೆಯೊಳಗೆ ಬಂದು ನೋಡಿದರೆ, ಅವರು ಅಪ್ಪನ ಪಕ್ಕ ಮೊಣಕಾಲೂರಿ, ಹೂವಿನ ಹಾರ ಸರಿಸಿ, ಕಿವಿಗೆ ಬಾಯಿ ಹತ್ತಿರ ತಂದಿದ್ದರು.

"ಸಮುದ್ರಕ್ಕೆ ಬೀಳ್ಲಿಲ್ಲ ಮಾರಾಯ," ಎನ್ನುತ್ತಿದ್ದರು. "ಅಲ್ಲೇ ಉಂಟು."

ಮೂರು ಗಂಟೆಗೆ ಗಾಡಿ ಬಂತು. ಅಪ್ಪನನ್ನು ಏರಿಸಿದರು. ಹೊರಡಬೇಕು ಎನ್ನುವಾಗ ಗುಂಡಣ್ಣ ಓಡಿಹೋಗಿ ಹೋಟೆಲಿನ ಹಿಂದಿನ ಹಗ್ಗದಿಂದ ಮೋನಪ್ಪನ ಒಂದು ಬೈರಾಸು ಎಳೆದು ತಂದರು. ಗಾಡಿಯ ಕಂಬಿಗೆ ಗಂಟು ಹಾಕಿದರು. ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮತ್ತೆ ಮುಂದೆ ಬಂದು, ಗಂಟು ಬಿಚ್ಚಿ, ನೀಲಿ ಅಕ್ಷರ ಬೀದಿಗೆ ಕಾಣುವಂತೆ ಮಗುಚಿ ಕಟ್ಟಿದರು.