ಸೂಜಿಯ ಚೂರು

ಅಮ್ಮನ ಬಾಡಿಗೆ ಮನೆಯಲ್ಲಿ ಕಾಲಿಡಲು ಉಳಿದಿದ್ದದ್ದು ಬಾಗಿಲಿಂದ ಮಂಚದವರೆಗಿನ ಒಂದು ಓಣಿ ಮಾತ್ರ. ಅದರ ಎರಡೂ ಕಡೆ ಹಿಡಿ ಕಳಚಿದ ಕಪ್ಪುಗಳು, ಕಡ್ಡಿ ಮುರಿದ ಕೊಡೆಗಳು, ಜಿಪ್ಪು ಕೆಟ್ಟ ಚೀಲಗಳು ಎದೆಮಟ್ಟ ಪೇರಿಕೊಂಡಿದ್ದವು. ಒಲೆಯ ಕಿಡಿ ಸಾಕು ಇಡೀ ವಠಾರ ಉರಿಯಲು ಎಂದು ಮಾಲೀಕ ಗಡುವು ಕೊಟ್ಟಿದ್ದ. ಭಾನುವಾರದೊಳಗೆ ಖಾಲಿಯಾಗದಿದ್ದರೆ ಸಾಮಾನಿನ ಜೊತೆ ಅಮ್ಮನೂ ಬೀದಿಗೆ.

"ಮುರಿದಿದ್ದನ್ನೆಲ್ಲ ಇಟ್ಕೊಂಡು ಏನ್ಮಾಡ್ತೀಯಮ್ಮ?" ಮಗಳು ಕೇಳಿದಳು.

"ಒಂದು ಚೂರೂ ಕಳೀಬಾರದು ಕಣೇ."

ಅದು ಅಮ್ಮ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಕಾರ್ಖಾನೆಯ ಮಾತು. ಅಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಟೇಪಿಗೆ ಅಂಟಿಸಿ ತೋರಿಸಿದ ಮೇಲೇ ಹೊಸ ಸೂಜಿ. ಒಂದು ಸಿಗದಿದ್ದರೂ ಇಡೀ ಲೈನು ನಿಲ್ಲುತ್ತಿತ್ತು. ಅಮ್ಮ ಮೊಣಕಾಲೂರಿ ನೆಲ ತಡವುತ್ತಿದ್ದರೆ, ತಲೆಯ ಮೇಲೆ ನಿಂತ ಸೂಪರ್‌ವೈಸರ್ ಅವಳ ವಂಶವನ್ನೆಲ್ಲ ಜಾಲಾಡುತ್ತಿದ್ದ. ಕೊಳ್ಳುವವರ ಅಂಗಿಯಲ್ಲಿ ಚೂರು ಉಳಿಯಬಾರದು, ಸರಿ. ಹೊಲಿದವಳ ತಲೆಯಲ್ಲಿ ಏನು ಉಳಿಯಿತೆಂದು ಯಾವ ದೊರೆ ಹುಡುಕಿಸಿದ? ಕೈ ನಡುಗತೊಡಗಿದ್ದೇ ತಡ, ಅವಳನ್ನು ಗೇಟಿನಾಚೆ ಕಳಿಸಿ ಅವಳ ಯಂತ್ರಕ್ಕೆ ಬೇರೆಯವಳನ್ನು ಕೂರಿಸಿದರು.

ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆ ಬಿಡಿಸಿ ಹೇಳಿದ್ದಳು. "ಇದು ಸೋಮಾರಿತನ ಅಲ್ಲ, ಹಟಾನೂ ಅಲ್ಲ. ಕಾಯಿಲೆ. ವಾಸಿ ಮಾಡ್ಬಹುದು. ಆದ್ರೆ ಅವರೇ ಆರಿಸಿ, ಅವರೇ ಕೊಡ್ಬೇಕು. ನೀವು ಕದ್ದು ಎಸೆದ್ರೆ ಇನ್ನೂ ಬಿಗಿಯಾಗಿ ಹಿಡ್ಕೋತಾರೆ."

"ಎಷ್ಟು ದಿನ ಬೇಕು, ಡಾಕ್ಟರಮ್ಮ?"

"ತಿಂಗಳುಗಳೇ ಬೇಕು."

"ಮಾಲೀಕ್ರು ಭಾನುವಾರ ಅಂದಿದಾರೆ."

ವೈದ್ಯೆ ಶನಿವಾರ ಮತ್ತೆ ಬರಲು ಚೀಟಿ ಬರೆದುಕೊಟ್ಟು, ಹೊರಗಿನ ಸಾಲಿನಿಂದ ಮುಂದಿನವರನ್ನು ಕರೆದಳು. 

ಶನಿವಾರ ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಅಮ್ಮ ತಾನಾಗಿಯೇ ಒಂದು ಮುರುಕು ಕೊಡೆ ತಂದಿದ್ದಳು. ಮೇಜಿನ ಮೇಲಿಟ್ಟಳು. ಬೆರಳುಗಳು ಒಂದೊಂದಾಗಿ ಬಿಟ್ಟವು.

"ನಿಮ್ಮಪ್ಪನ್ನೂ ಇಷ್ಟೊತ್ತು ಹಿಡ್ಕೊಂಡಿರ್ಲಿಲ್ಲ," ಎಂದಳು ವಾಪಸಾಗುವಾಗ ಬಸ್ಸಿನಲ್ಲಿ. ಮಗಳು ನಕ್ಕಳು. ಅಮ್ಮನೂ ನಕ್ಕಳು.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಪೊರಕೆ ಹಿಡಿದು ಮಗಳ ಅಣ್ಣ ನಿಂತಿದ್ದ, ಬೆವರಿನಲ್ಲಿ ತೊಯ್ದು, ಶಭಾಷ್‌ಗಿರಿಗೆ ಕಾದವನಂತೆ. ಅವನ ಹಿಂದೆ ಗೋಡೆಗಳು ಕಾಣುತ್ತಿದ್ದವು.

"ಬೇಡ ಅಂತ ಬಡ್ಕೊಂಡಿದ್ನಲ್ಲಣ್ಣ."

"ನಿನ್ನ ಡಾಕ್ಟರಮ್ಮ ಇರೋಕೆ ಮನೆ ಕೊಡ್ತಾಳೇನೇ? ನಾಳೆ ಅಮ್ಮನ್ನ ಫುಟ್‌ಪಾತ್ ಮೇಲೆ ಕೂರಿಸ್ಕೊಂಡು ಟ್ರೀಟ್‌ಮೆಂಟ್ ಕೊಡ್ತಿದ್ಲಾ?"

ಮಗಳು ಹೊರಗೆ ಬೀದಿಯತ್ತ ತಿರುಗಿ ನೋಡಿದಳು. "ಸಾಮಾನೆಲ್ಲ ಎಲ್ಲಿ?"

"ಲಾರೀಲಿ ಹೋಯ್ತು. ಇಷ್ಟೊತ್ತಿಗೆ ತಿಪ್ಪೇಲಿ ಸುರಿದೂ ಆಗಿರತ್ತೆ."

ಅಮ್ಮ ಮೂಲೆಗೆ ಹೋಗಿ ಮೊಣಕಾಲೂರಿದಳು. ಅಂಗೈ ಚಪ್ಪಟೆ ಮಾಡಿ, ಗುಡಿಸಿದ ನೆಲವನ್ನು ಅಂಗುಲಂಗುಲ ಸವರತೊಡಗಿದಳು.

"ಏಳಮ್ಮ. ಏನೂ ಇಲ್ಲ ಅಲ್ಲಿ," ಎಂದಳು ಮಗಳು.

"ಸುಮ್ನೆ ನಿಂತ್ಕೋಬೇಡ, ಆ ಕಡೆಯಿಂದ ನೋಡ್ಕೊಂಡು ಬಾ," ಎಂದಳು ಅಮ್ಮ, ತಲೆ ಎತ್ತದೆ. "ಸೂಪರ್‌ವೈಸರ್ ಬರೋದ್ರೊಳಗೆ ಚೂರು ಸಿಗ್ಬೇಕು."

ಅಣ್ಣ ಪೊರಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಯಾರೂ ಎತ್ತಲಿಲ್ಲ.

ಮಗಳು ಎದುರಿನ ಮೂಲೆಯಲ್ಲಿ ಕುಳಿತು ಬರಿನೆಲದ ಮೇಲೆ ಕೈಯಾಡಿಸತೊಡಗಿದಳು.