ಮುಟ್ಟು

"ಯಾವಳೇ ಅದು, ಮುಟ್ಟಾಗಿ ಮಿಷಿನ್ ಮುಟ್ಟಿರೋಳು? ಬಾಯ್ ಬುಡ್ರೇ, ಮುಂಡೇರಾ!"

ನಮ್ಮ ಮಾಲೀಕ ಶಿವರುದ್ರಪ್ಪ ನಾವು ಮೂವರು ಹೆಂಗಸರನ್ನು ಚಾಮುಂಡಿ ಫೋಟೋದ ಕೆಳಗೆ ಸಾಲಾಗಿ ನಿಲ್ಲಿಸಿಕೊಂಡು ಕೇಳುತ್ತಿದ್ದ. ಷೆಡ್ಡಿನ ಗಂಡಸರೆಲ್ಲ ಲೇತ್‌ಗಳನ್ನು ಆಫ್ ಮಾಡಿ ಕಿವಿ ನಿಮಿರಿಸಿ ನಿಂತಿದ್ದರು. ಒಬ್ಬನಿಗಾದರೂ ನಾಚಿಕೆಯಾಗಬೇಡವೇ?

ಆಯುಧಪೂಜೆಯ ರಜ ಮುಗಿಸಿ ಬಂದ ಬೆಳಿಗ್ಗೆ. ಚಾಮುಂಡಿ ಬೆಟ್ಟದೂರಿನ ಹೆಬ್ಬಾಳದ ಈ ಷೆಡ್ಡಿನಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯಲು ಇರುವುದೊಂದೇ ಸಿಎನ್‌ಸಿ ಮಿಲ್ಲಿಂಗ್ ಮಿಷಿನ್. ಅದರ ಸ್ಪಿಂಡಲ್ ಕರ್ರೋ ಎಂದು ಅರಚಲು ಶುರುವಿಟ್ಟಿತ್ತು. ಸ್ಪಿಂಡಲ್ ಎಂದರೆ ಟೂಲನ್ನು ಬಾಯಲ್ಲಿ ಕಚ್ಚಿಕೊಂಡು ಗಿರಗಿರನೆ ತಿರುಗುವ ಉಕ್ಕಿನ ಕಂಬ. ಅದು ಕೂದಲೆಳೆಯಷ್ಟು ಅಲುಗಿದರೂ ಕೊರೆದ ತೂತು ದೊಡ್ಡದಾಗಿ ಮಾಲು ಗುಜರಿಗೆ ಹೋಗುತ್ತದೆ. ಸೂಪರ್‌ವೈಸರ್ ಯೋಗೇಂದ್ರ ಬೆಲ್ಟ್ ನೋಡಿದ, ಆಯಿಲ್ ನೋಡಿದ, ಟೂಲ್ ಬದಲಿಸಿದ. ಅಲುಗಾಟ ಅಳೆಯುವ ಡಯಲ್ ಇಟ್ಟರೆ ಮುಳ್ಳು ಒಂದು ಕಡೆ ನಿಲ್ಲಲಿಲ್ಲ.

"ಬೇರಿಂಗ್ ಹೋಗಿರ್ಬೇಕು ಸಾರ್. ಸ್ಪಿಂಡಲ್ ಬಿಚ್ಚಿ ಬೆಂಗ್ಳೂರಿಗೆ ಕಳಿಸ್ಬೇಕಾಯ್ತದೆ."

"ಬೇರಿಂಗೂ ಇಲ್ಲ, ಬದನೆಕಾಯೂ ಇಲ್ಲ. ನನ್ ಕೈಯಾರ ಪೂಜೆ ಮಾಡಿರೋ ಮಿಷಿನ್ ಕಣೋ ಅದು. ಮೈಲಿಗೆ ಆಗ್ದೆ ಇಂಗಾಯ್ತದಾ?"

ಆ ಮಿಷಿನ್ ಓಡಿಸುವವಳು ನಾನು, ಅಶೋಕಪುರಂನ ಬಿಂದುಶ್ರೀ. ಐಟಿಐ ಪಾಸಾಗಿ ಬಂದವಳನ್ನು ವರ್ಷಗಟ್ಟಲೆ ಪ್ಯಾಕಿಂಗಿನಲ್ಲಿ ಕೊಳೆಸಿ, ಓಡಿಸುತ್ತಿದ್ದವನು ಕೆಲಸ ಬಿಟ್ಟ ಮೇಲೆ ಬೇರೆ ಗತಿಯಿಲ್ಲದೆ ಶಿವರುದ್ರಪ್ಪ ಅದನ್ನು ನನ್ನ ಕೈಗೆ ಕೊಟ್ಟಿದ್ದ. ಪೂಜೆಯ ದಿನ ಮಾತ್ರ ನಾನು ಬಾಗಿಲಾಚೆ. ಮಂಗಳಾರತಿ ತಟ್ಟೆ ಹೊಸಲು ದಾಟಿ ಬರಲೇ ಇಲ್ಲ.

"ತಾಯಿ ಫೋಟೋ ಮುಂದೆ ಪ್ರಮಾಣ ಮಾಡ್ರಿ. ಮಾಡ್ದಿರೋಳು ಈಗ್ಲೇ ಗೇಟಿನಾಚೆ," ಎಂದ ಶಿವರುದ್ರಪ್ಪ.

ಕಸ ಗುಡಿಸುವ ಲಕ್ಷ್ಮಮ್ಮ ಪೊರಕೆ ಕುಟ್ಟಿದಳು. "ನಂದು ನಿಂತು ಯಾವ ಕಾಲಾಯ್ತೋ. ನಿಮ್ಮವ್ವನ ವಯಸ್ಸು ನಂಗೆ. ಮುಟ್ಟು ಮುಟ್ಟು ಅಂತ ಬಡ್ಕತೀಯಲ್ಲ, ನಮ್ಮೂರ ಕಡೆ ಗುದ್ಲಿ ಪಿಕಾಸಿಗೂ ಮುಟ್ಟು ಅಂತಾರೆ ಕಣಪ್ಪ. ಅವೂ ಮೈಲ್ಗೆನಾ?"

"ಮುಚ್ಚಮ್ಮಿ ಬಾಯಿ!"

ನನ್ನ ಪಕ್ಕದಲ್ಲಿದ್ದ ಪ್ಯಾಕಿಂಗಿನ ಮಂಜುಶ್ರೀ ನನ್ನ ಮಣಿಕಟ್ಟು ಹಿಡಿದಳು. ಬೆಳಿಗ್ಗೆ ಹೊಟ್ಟೆನೋವು ಎಂದು ನನ್ನ ಹತ್ತಿರ ಮಾತ್ರೆ ಇಸಿದುಕೊಂಡವಳು ಅವಳೇ. ನಾನೇನೋ ಮುಟ್ಟಾಗಿರಲಿಲ್ಲ, ಸುಳ್ಳಿಲ್ಲದೆ ಪ್ರಮಾಣ ಮಾಡಬಹುದಿತ್ತು. ಮಾಡಿದರೆ ನನ್ನ ಮಿಷಿನ್ ನನಗೆ ಉಳಿಯುತ್ತಿತ್ತು, ಮಂಜುಶ್ರೀ ಗೇಟಿನಾಚೆ ಹೋಗುತ್ತಿದ್ದಳು.

"ನಾನ್ ಮಾಡಲ್ಲ," ಎಂದೆ.

"ಅಂದ್ರೆ ನೀನೇ ಅಂತಾಯ್ತು."

"ಹೂಂ, ನಾನೇ ಅನ್ಕೊಳ್ಳಿ. ಈಗೇನು, ಬಟ್ಟೆ ಬಿಚ್ಚಿಸಿ ನೋಡ್ತೀರಾ?"

ಅವನು ಕೈಯೆತ್ತಿದ. ಲಕ್ಷ್ಮಮ್ಮ ಪೊರಕೆ ಅಡ್ಡ ಹಿಡಿದು ನಮ್ಮಿಬ್ಬರ ನಡುವೆ ಬಂದಳು. "ಎಲ್ಲಿ, ಒಡಿ ನೋಡಾನ."

ಕೈ ಕೆಳಗಿಳಿಯಿತು, ಬಾಯಿ ಇಳಿಯಲಿಲ್ಲ. "ಕೇರಿಯೋಳ್ನ ಮಿಷಿನ್ ಮುಂದೆ ನಿಲ್ಸಿದ್ದೇ ನನ್ ತಪ್ಪು. ಪೂಜೆ ಕುಂಕುಮ ಒರೆಸ್ಬೇಡ್ರಿ, ಯಾರೂ ಮುಟ್ಬೇಡ್ರಿ ಅಂತ ಬಡ್ಕೊಂಡೆ. ಇವತ್ತು ಸ್ವಿಚ್ಚೂ ನಾನೇ ಹಾಕ್ದೆ. ಆದ್ರೂ..."

ಒರೆಸಬೇಡಿ ಎಂದಿದ್ದ, ಹೌದಲ್ಲ! ದಿನಾ ಬೆಳಿಗ್ಗೆ ಟೂಲ್ ತೆಗೆದು ಸ್ಪಿಂಡಲ್ಲಿನ ಬಾಯಿ ಒರೆಸದೆ ನಾನು ಸ್ವಿಚ್ ಹಾಕಿದವಳಲ್ಲ. ಅದೇನು ದೊಡ್ಡ ವಿದ್ಯೆಯಲ್ಲ, ಪಾತ್ರೆ ತೊಳೆದು ಅಡುಗೆಗೆ ಇಟ್ಟಂತೆ. ಇವತ್ತು ಆ ಬಾಯಿಯನ್ನು ಯಾರೂ ಒರೆಸಿರಲಿಲ್ಲ.

ನಾನು ಸೀದಾ ಮಿಷಿನ್ನಿನ ಹತ್ತಿರ ನಡೆದೆ.

"ಏಯ್, ಮುಟ್ಬೇಡ ಕಣೇ! ಮುಟ್ಬೇಡ ಅಂದ್ರೆ..."

ಟೂಲ್ ಇಳಿಸಿದೆ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಸ್ಪಿಂಡಲ್ಲಿನ ಬಾಯಿಯೊಳಗೆ ತೂರಿಸಿ ತಿರುಗಿಸಿದೆ. ಹೊರಗೆಳೆದಾಗ ಬಟ್ಟೆ ಕೆಂಪಾಗಿತ್ತು.

ಗಂಡಸರು ಮುಖ ತಿರುಗಿಸಿದರು. ಒಬ್ಬ "ಥೂ" ಎಂದ. ಯೋಗೇಂದ್ರ ಎರಡು ಹೆಜ್ಜೆ ಹಿಂದೆ ಸರಿದ. ನಾನು ಬಟ್ಟೆಯನ್ನು ಶಿವರುದ್ರಪ್ಪನ ಮೂಗಿನ ಹತ್ತಿರ ಹಿಡಿದೆ.

"ಮೂಸಿ ನೋಡಿ ಸಾರ್. ಎಣ್ಣೇಲಿ ಕಲ್ಸಿರೋ ಕುಂಕುಮ. ನಿಮ್ದೇ."

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಒಳಗೂ ಲಕ್ಷ್ಮಿ ಇರ್ಲಿ ಅಂತ ಬೆರಳಲ್ಲಿ ಒಂದ್ ಚೂರು..." ಎಂದು ಗೊಣಗಿದ.

ಆ ಒಂದು ಚೂರು ಒಳಗೆ ಗಂಟು ಕಟ್ಟಿ, ಟೂಲ್ ಸೊಟ್ಟಗೆ ಕೂತಿತ್ತು. ಪೂರ್ತಿ ಒರೆಸಿ ಟೂಲ್ ಏರಿಸಿದೆ. ಯೋಗೇಂದ್ರ ಡಯಲ್ ಇಟ್ಟು ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿದ. ಮುಳ್ಳು ಅಲುಗಲಿಲ್ಲ.

ತಪ್ಪಾಯಿತು ಎನ್ನುತ್ತಾನೇನೋ ಎಂದು ಒಂದು ಗಳಿಗೆ ಕಾದೆ, ನನ್ನ ಹುಚ್ಚು.

"ಸರಿ ಸರಿ. ಮಾಲು ತುಂಬ್ಕೊಳಕ್ಕೆ ವ್ಯಾನ್ ಬಂದ್ ನಿಂತದೆ. ಯೋಗೇಂದ್ರ, ಇವ್ಳು ಕೈಯಿಟ್ಟ ಕಡೆ ಒಂಚೂರು ಗಂಜಲ ಚಿಮುಕ್ಸು. ಆಮೇಲೆ ಶುರು ಮಾಡಮ್ಮಿ ನೀನು."

ನಾನು ಕೈ ಕಟ್ಟಿ ನಿಂತೆ.

"ಮುಟ್ಬೇಡ ಅಂದ್ರಲ್ಲ ಸಾರ್, ಅಷ್ಟು ಜನರ ಮುಂದೆ. ಈಗ ಮುಟ್ಟು ಅನ್ನಿ."

"ಶುರು ಮಾಡು ಅಂದ್ನಲ್ಲ!"

"ಶುರು ಮಾಡು ಅಲ್ಲ. ಮುಟ್ಟು ಅನ್ಬೇಕು. ಗಂಜಲ ಗಿಂಜಲ ಏನೂ ಬ್ಯಾಡ."

"ಯೋಗೇಂದ್ರ, ನೀನ್ ಓಡ್ಸೋ!"

ಯೋಗೇಂದ್ರ ಡಯಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ನಿಂತ ಜಾಗ ಬಿಟ್ಟು ಕದಲಲಿಲ್ಲ. ಲಕ್ಷ್ಮಮ್ಮ ಪೊರಕೆ ಎಸೆದು ಮಿಷಿನ್ನಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ಮಂಜುಶ್ರೀ ಬಂದು ನನ್ನ ಪಕ್ಕ ನಿಂತು, ಎಲ್ಲರೂ ನೋಡುವಂತೆ ಮಿಷಿನ್ನಿನ ಬಾಗಿಲಿನ ಮೇಲೆ ಅಂಗೈ ಊರಿದಳು. ಶಿವರುದ್ರಪ್ಪನ ಕಣ್ಣು ಆ ಕೈಯ ಮೇಲೆ ನಿಂತಿತು. ಹೊರಗೆ ವ್ಯಾನಿನವನು ಹಾರನ್ ಒತ್ತಿದ.

"ಮು..." ಎಂದು ತುಟಿಯಲ್ಲೇ ನುಂಗಿದ.

"ಗಟ್ಟಿಯಾಗಿ ಹೇಳಿ ಸಾರ್," ಎಂದೆ. "ಮಂಜುಶ್ರೀಗೂ ಕೇಳ್ಬೇಕು."